ಬಲಗಡೆ ಬಿಟ್ಟ ಜಾಗ

ಕೋಲಾರದ ಆ ಬಾಡಿಗೆ ಮನೆಯಲ್ಲಿ ನಾವಿದ್ದಾಗ ಅಕ್ಕಪಕ್ಕದವರು ನಮ್ಮ ಬಗ್ಗೆ ಒಂದು ಮಾತು ಹೇಳುತ್ತಿದ್ದರು: "ಆ ಮನೇಲಿ ಗಂಡ ಬಚ್ಚಲು ಸೇರ್ಕೊಂಡ್ರೆ ಹೆಂಡ್ತಿ ಬಾಗಿಲಲ್ಲಿ ಕಾವಲು ಕೂರ್ತಾಳೆ. ಒಳಗೆ ಕೆಂಪು ದೀಪ. ಸ್ನಾನ ಅಂತೂ ಅಲ್ಲ." ಕೆಲವರು ನಿಧಿ ತೆಗೆಯುತ್ತಿದ್ದಾನೆ ಎಂದರು, ಕೆಲವರು ಮೂಲವ್ಯಾಧಿ ಎಂದರು. ಎರಡೂ ಅಲ್ಲ. ನಾನು ಫೋಟೋ ತೊಳೆಯುತ್ತಿದ್ದೆ.

ಊರಿಗೆ ಊರೇ ಫೋನಿನಲ್ಲಿ ಟಕಟಕ ಒತ್ತುವ ಈ ಕಾಲದಲ್ಲಿ ನಾನು ರೀಲು ಹಾಕುವ ಕ್ಯಾಮೆರಾ ಹಿಡಿದವನು. ಕಮೋಡಿನ ಮೇಲೆ ಹಲಗೆ, ಹಲಗೆಯ ಮೇಲೆ ಎನ್‌ಲಾರ್ಜರು. (ನೆಗೆಟಿವನ್ನು ದೊಡ್ಡದು ಮಾಡಿ ಕಾಗದದ ಮೇಲೆ ಬೀಳಿಸುವ ಯಂತ್ರ. ಉದ್ದ ಕತ್ತು ಬಗ್ಗಿಸಿ ನಿಲ್ಲುವುದರಿಂದ ನನ್ನ ಹೆಂಡತಿ ಮುನಿಲಕ್ಷ್ಮಿ ಅದನ್ನು 'ಕೊಕ್ಕರೆ' ಎನ್ನುತ್ತಾಳೆ.) ಅದರ ಮುಂದೆ ಔಷಧಿ ತಟ್ಟೆಗಳು. ಭಾನುವಾರ ಬಂದರೆ ಆ ಬಚ್ಚಲು ನನ್ನ ತಪೋವನ. ತಪಸ್ಸಿಗೆ ಅಡ್ಡಿ ಮಾಡಲು ಮೇಲಿನಿಂದ ಯಾವ ಅಪ್ಸರೆಯೂ ಇಳಿಯಬೇಕಿರಲಿಲ್ಲ, ಮನೆಯಲ್ಲೇ ಇದ್ದಳು.

"ರೀ, ಇವತ್ತು ಎರಡರಲ್ಲಿ ಒಂದು ತೀರ್ಮಾನ ಆಗ್ಲಿ," ಎಂದಳು ಒಂದು ದಿನ. "ನಮ್ಮಮ್ಮಂಗೆ ಗೋಡೆಗೆ ಹಾಕೋ ಫೋಟೋ ಬೇಕಂತೆ. ತೆಗೆದುಕೊಡಿ. ಅವಳು ಒಪ್ಪಿದ್ರೆ ಭಾನುವಾರ ಬಚ್ಚಲು ನಿಮ್ಮದೇ, ಸಾಯೋವರೆಗೂ ನಾನು ಬಾಗಿಲು ತಟ್ಟಲ್ಲ. ಒಪ್ಪದಿದ್ರೆ ಕೊಕ್ಕರೆ ಗುಜರಿಗೆ."

"ಒಪ್ತಾರೆ," ಎಂದೆ. ಭೀಷ್ಮನಿಗೆ ತನ್ನ ಪ್ರತಿಜ್ಞೆಯ ಮೇಲೂ ಇಷ್ಟು ನಂಬಿಕೆ ಇದ್ದಿರಲಾರದು.

ಗೋಡೆಯ ಫೋಟೋ ಎಂದರೆ ಸುಮ್ಮನೆ ಅಲ್ಲ. ನಮ್ಮ ಕಡೆ ಬುದ್ಧಿವಂತ ಹಿರಿಯರು ಗಟ್ಟಿಮುಟ್ಟಾಗಿದ್ದಾಗಲೇ ತಮಗೆ ಒಪ್ಪುವಂಥ ಫೋಟೋ ತೆಗೆಸಿ ಇಡುತ್ತಾರೆ. ಗಂಡ ಮೊದಲೇ ಹೋಗಿದ್ದರೆ ಸ್ಟುಡಿಯೋದವರು ಅವನ ಹಳೆಯ ಫೋಟೋ ಕತ್ತರಿಸಿ ಹೆಂಡತಿಯ ಪಕ್ಕದಲ್ಲಿ ಸೇರಿಸಿಕೊಡುತ್ತಾರೆ. ಜಾಗವಿಲ್ಲದೆ ಅವನ ಭುಜ ಅವಳ ಕಿವಿಯ ಮೇಲೆ ಬಂದು ಕೂರುವುದೂ ಉಂಟು.

ಕುರುಡುಮಲೆಯ ಪಕ್ಕದ ಊರಿನಿಂದ ನಮ್ಮತ್ತೆ ಆವಲಮ್ಮ ರೇಷ್ಮೆ ಸೀರೆ ಉಟ್ಟು ಬಂದಿಳಿದರು. ಗೋಡೆಗೆ ಬೆನ್ನು ಕೊಟ್ಟು ಪೆರೇಡಿಗೆ ನಿಂತಂತೆ ನಿಂತರು. (ಅವರ ಕಡೆ ಕನ್ನಡದ ಜೊತೆ ತೆಲುಗೂ ಬೆರೆಯುತ್ತದೆ, ಅಳಿಯ ಅಲ್ಲಿ 'ಅಲ್ಲುಡು'.)

"ಏಮಯ್ಯಾ ಅಲ್ಲುಡೂ, ಕಾಲು ಬರಬೇಕು. ಎರಡು ಕಿವೀನೂ ಬರಬೇಕು. ಒಂದೇ ಓಲೆ ಕಾಣ್ಸಿದ್ರೆ ಇನ್ನೊಂದು ಅಡ ಇಟ್ಟವ್ಳೆ ಅಂತಾರೆ."

"ಅತ್ತೆ, ಅದು ಪಾಸ್‌ಪೋರ್ಟ್ ಫೋಟೋ ಆಗುತ್ತೆ. ಕಿಟಕಿ ಹತ್ರ ಕೂತ್ಕೊಳ್ಳಿ."

"ನಾನ್ಯಾವ ದೇಶಕ್ಕೆ ಹೋಗ್ಬೇಕು? ಹೋಗೋ ಕಡೆ ಪಾಸ್‌ಪೋರ್ಟ್ ಕೇಳಲ್ಲ," ಎನ್ನುತ್ತಲೇ ಕೂತರು.

ಕೂತಷ್ಟು ಹೊತ್ತೂ ಮುಖ ಬಿಗಿದೇ ಇತ್ತು. ಬಲಗಡೆ ಕಿಟಕಿಯ ಸರಳಿನ ಮೇಲೆ ಕಾಗೆಯೊಂದು ಬಂದು ಕೂತಾಗ ಮಾತ್ರ ಅತ್ತ ತಿರುಗಿ ಒಂದು ಕ್ಷಣ ನಕ್ಕರು. ಒತ್ತಿಬಿಟ್ಟೆ. ಚೌಕಟ್ಟಿನ ಎಡಗಡೆಯ ಮೂರನೇ ಒಂದು ಭಾಗದಲ್ಲಿ ಅತ್ತೆ, ಕೆನ್ನೆಗೆ ಕಿಟಕಿಯ ಬೆಳಕು. ಉಳಿದದ್ದೆಲ್ಲ ಖಾಲಿ ನೆರಳು. ಕಾಗೆ ಚೌಕಟ್ಟಿನ ಆಚೆ. ವಿಷಯವನ್ನು ಮಧ್ಯಕ್ಕೆ ಇಡಬಾರದು, ನೋಟ ಹೋಗುವ ಕಡೆ ಜಾಗ ಬಿಡಬೇಕು ಎನ್ನುವುದು ನಮ್ಮ ಕಲೆಯ ಮೊದಲ ಪಾಠ.

ಪ್ರಿಂಟು ಹಾಕಲು ಬಚ್ಚಲು ಸೇರಿದೆ. ಕಾಗದ ಔಷಧಿಯಲ್ಲಿ ಮುಳುಗಿ ಅತ್ತೆಯ ಮೂಗು ಮೂಡುತ್ತಿರುವಾಗ ಹೊರಗೆ ಮಾತು ಕೇಳಿಸಿತು.

"ಅಮ್ಮ, ಎರಡು ನಿಮಿಷ ತಡ್ಕೋ."

"ನಾನು ತಡ್ಕೋತೀನಿ ಕಣೇ, ಅದು ತಡ್ಕೋಬೇಕಲ್ಲ."

ಚಿಲಕ ಸಡಿಲವಿತ್ತು. ಬಾಗಿಲು ತೆರೆಯಿತು, ಬೆಳಕು ನುಗ್ಗಿತು, ತಟ್ಟೆಯಲ್ಲಿದ್ದ ಅತ್ತೆ ಕಾಗೆಗಿಂತ ಕಪ್ಪಾದರು. ಬಾಗಿಲಲ್ಲಿದ್ದ ಅತ್ತೆಯನ್ನು ಮುನಿಲಕ್ಷ್ಮಿ ಮಹಡಿಗೆ, ಮನೆ ಓನರ್ ಶ್ಯಾಮಲಮ್ಮನವರ ಬಚ್ಚಲಿಗೆ ಕರೆದೊಯ್ದಳು. ನಾನು ಹಲ್ಲು ಕಚ್ಚಿ ಇನ್ನೊಂದು ಹಾಳೆ ತೆಗೆದೆ. ಅದು ಮಸುಕು. ಮತ್ತೊಂದು ವಿಪರೀತ ಕಪ್ಪು. ಕೊನೆಗೆ ಒಂದು ಬಂತು ನೋಡಿ: ಒಂದೊಂದು ಸುಕ್ಕೂ ಲೆಕ್ಕಕ್ಕೆ ಸಿಗುವಂತೆ, ನೆರಳು ಅರಿವೆಯಂತೆ ಮೆತ್ತಗೆ. ಅದನ್ನು ಒಣಗಿಸಿ, ದಪ್ಪ ಬೋರ್ಡಿನ ಮೇಲಿಟ್ಟು, ನಡುವೆ ಅಂಟುಹಾಳೆ ಹಾಕಿ, ಇಸ್ತ್ರಿ ಪೆಟ್ಟಿಗೆಯಿಂದ ಹದವಾಗಿ ಒತ್ತಿ ಕೂರಿಸಿದೆ.

"ನನ್ನ ಸೀರೆಗೆ ಒಂದು ದಿನ ಆ ಪೆಟ್ಟಿಗೆ ಮುಟ್ಟಿದೋರಲ್ಲ," ಎಂದಳು ಮುನಿಲಕ್ಷ್ಮಿ.

ಅತ್ತೆ ಫೋಟೋವನ್ನು ಹತ್ತಿರ ಹಿಡಿದರು, ದೂರ ಹಿಡಿದರು.

"ಶಿವಾರಪಟ್ಟಣದೋರು ಕಲ್ಲಲ್ಲಿ ದೇವ್ರನ್ನ ಕೆತ್ತಿದ್ರೂ ಮಧ್ಯದಲ್ಲೇ ಕೂರಿಸ್ತಾರೆ. ನನ್ನ ಯಾಕಯ್ಯ ಮೂಲೆಗೆ ತಳ್ಳಿದೆ? ಇಷ್ಟು ಜಾಗ ದಂಡ ಮಾಡಿ?"

ಮುನಿಲಕ್ಷ್ಮಿ ಕೊಕ್ಕರೆಯ ಕಡೆ ಗುಜರಿಯವನ ಕಣ್ಣಿನಿಂದ ನೋಡಿದಳು. ನಾನು ಬೆಳಕು, ಸಮತೋಲ ಎಂದು ತೊದಲತೊಡಗಿದೆ. ಅತ್ತೆ ಕೇಳಿಸಿಕೊಳ್ಳಲಿಲ್ಲ. ಖಾಲಿ ನೆರಳಿನ ಮೇಲೆ ಬೆರಳಾಡಿಸುತ್ತಿದ್ದರು.

"ಓ," ಎಂದರು ಮೆಲ್ಲಗೆ. "ನಿಮ್ಮ ಮಾವನವ್ರಿಗೆ ಬಿಟ್ಟಿದೀಯ. ನಾನು ಅವರ ಕಡೆ ನೋಡ್ತಾ ನಗ್ತಾ ಇದೀನಿ." ಕಣ್ಣು ಒರೆಸಿಕೊಂಡರು. "ಮುಳಬಾಗಿಲು ಸ್ಟುಡಿಯೋದೋನು ಅವರನ್ನ ಇಲ್ಲಿ ನೆಟ್ಟಗೆ ನಿಲ್ಲಿಸ್ತಾನೆ. ಯಾರ ಕಿವೀನೂ ಮುಚ್ಚಲ್ಲ. ಬಂಗಾರದಂಥ ಅಲ್ಲುಡು."

ನನ್ನ ನೆರಳಿನೊಳಗೆ ದಿವಂಗತ ಮಾವ ಸುಬ್ಬರಾಯಪ್ಪನವರು ಬಣ್ಣದ ಪೇಟ ಸುತ್ತಿಕೊಂಡು ನಿಲ್ಲುವುದು ಕಣ್ಣಿಗೆ ಕಟ್ಟಿತು. ಕಲೆಯೋ ಬಚ್ಚಲೋ ಎಂಬ ಧರ್ಮಸಂಕಟ.

"ಹೂಂ ಅತ್ತೆ, ಅವರಿಗೇ ಬಿಟ್ಟಿದ್ದು," ಎಂದೆ.

ಬಚ್ಚಲು ನನ್ನದಾಯಿತು.

ಅತ್ತೆ ಊರಿಗೆ ಹೋಗುವ ಮುನ್ನ ಮಹಡಿಗೆ ಹೋಗಿ ಫೋಟೋ ತೋರಿಸಿ ಬಂದರಂತೆ. ಮರುದಿನವೇ ಶ್ಯಾಮಲಮ್ಮ ಇಳಿದು ಬಂದರು.

"ನಿಮ್ಮತ್ತೆಗೆ ತೆಗೆದ್ಯಲ್ಲ, ಅಂಥದ್ದೇ ನಂಗೂ ಒಂದು ತೆಗೀಪ್ಪ. ಬಲಗಡೆ ಜಾಗ ಬಿಡೋದು ಮಾತ್ರ ಮರೀಬೇಡ. ಧಾರಾಳವಾಗಿ ಬಿಡು."

ನನಗೆ ರೋಮಾಂಚನವಾಯಿತು. ಖಾಲಿ ಜಾಗದ ಸೊಗಸು ತಿಳಿದ ಇನ್ನೊಂದು ಜೀವ ಕೋಲಾರದಲ್ಲಿದೆ, ಅದೂ ನಮ್ಮ ತಲೆಯ ಮೇಲೆಯೇ. ಯಾಕೆ ಎಂದು ಕೇಳಲಿಲ್ಲ. ಕಲಾರಸಿಕರನ್ನು ಯಾರಾದರೂ ಯಾಕೆ ಎಂದು ಕೇಳುತ್ತಾರೆಯೇ? ಭಾನುವಾರ ಪ್ರಿಂಟು ಹಾಕಿ, ಬೋರ್ಡಿಗೆ ಒತ್ತಿ, ನಾನೇ ಮಹಡಿಗೆ ಒಯ್ದು ಹಾಲ್‌ನ ಗೋಡೆಗೆ ತೂಗುಹಾಕಿದೆ.

ಆಗ ಒಳಗಿನಿಂದ ಅವರ ಯಜಮಾನರು ವೆಂಕಟರಾಯಪ್ಪ ಕಾಫಿ ಲೋಟ ಹಿಡಿದು ಬಂದರು. ದಿನಾ ಕೆರೆ ಏರಿಯ ಮೇಲೆ ವಾಕಿಂಗ್ ಮಾಡುವ ಗಟ್ಟಿ ಆಳು.

"ಚೆನ್ನಾಗದೆ. ಪಕ್ಕದಲ್ಲಿ ಖಾಲಿ ಯಾಕೆ?"

"ನಿಮಗೇ," ಎಂದರು ಶ್ಯಾಮಲಮ್ಮ ಸಹಜವಾಗಿ. "ಆಮೇಲೆ ಸೇರಿಸ್ಕೊಳ್ಳೋಕೆ. ಆವಲಮ್ಮ ಹೇಳಿದ್ರು, ಮೊದ್ಲೇ ಬಿಟ್ಟಿದ್ರೆ ನೀಟಾಗಿ ಬರ್ತದಂತೆ."

ವೆಂಕಟರಾಯಪ್ಪ ಫೋಟೋ ನೋಡಿದರು, ಹೆಂಡತಿಯನ್ನು ನೋಡಿದರು, ಕೊನೆಗೆ ಸುತ್ತಿಗೆ ಹಿಡಿದಿದ್ದ ನನ್ನನ್ನು ನೋಡಿದರು. ಲೋಟ ಕೆಳಗಿಟ್ಟರು.

"ನಾನು ಬದುಕಿರೋವಾಗ್ಲೇ ನನ್ನ ಜಾಗ ಖಾಲಿ ಇಟ್ಟೋನು, ಮೊದ್ಲು ನನ್ನ ಮನೆ ಖಾಲಿ ಮಾಡ್ಲಿ."

ಎಷ್ಟು ಬೇಡಿದರೂ ಕರಗಲಿಲ್ಲ. ಕಡೆಗೂ ನಮಗೆ ಸಿಕ್ಕಿದ್ದು ವಠಾರದ ಮನೆ. ಇಡೀ ವಠಾರಕ್ಕೆ ಒಂದೇ ಬಚ್ಚಲು, ಬಾಗಿಲಲ್ಲಿ ಯಾವಾಗಲೂ ಬಕೆಟ್ಟುಗಳ ಸಾಲು. "ಕೊಟ್ಟ ಮಾತಿಗೆ ನಾನು ತಪ್ಪಲ್ಲ ರೀ, ನಾನು ಬಾಗಿಲು ತಟ್ಟಲ್ಲ," ಎಂದಳು ಮುನಿಲಕ್ಷ್ಮಿ. "ಉಳಿದೋರದ್ದು ನಂಗೊತ್ತಿಲ್ಲ."

ಸಾಮಾನೆಲ್ಲ ಟೆಂಪೋಗೆ ಏರಿದ ಮೇಲೆ ನಾನು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು, ಖಾಲಿ ಮನೆಗೆ ಬೀಗ ಹಾಕಿ, ಕೀಲಿ ಕೊಡಲು ಗೇಟಿನ ಬಳಿ ಬಂದೆ. ವೆಂಕಟರಾಯಪ್ಪ ಅಲ್ಲೇ ನಿಂತಿದ್ದರು. ಕ್ಷೌರ ಮಾಡಿಸಿಕೊಂಡಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು. ಕೀಲಿಗೆ ಕೈ ಚಾಚಲಿಲ್ಲ. ಮಹಡಿಯ ಕಡೆ ಒಮ್ಮೆ ಕಣ್ಣು ಹಾಯಿಸಿ ದನಿ ತಗ್ಗಿಸಿದರು.

"ಹೋಗೋಕ್ ಮುಂಚೆ ನಂದೂ ಒಂದು ತೆಗೀರಿ. ಎಡಗಡೆ ಜಾಗ ಬಿಟ್ಟು."

ನಾನು ಕ್ಯಾಮೆರಾ ಕಣ್ಣಿಗೆ ಹಿಡಿದೆ.

"ಇನ್ನೂ ಸ್ವಲ್ಪ ಬಿಡಿ," ಎಂದರು. "ಅವಳು ದಪ್ಪ."

ಬಿಟ್ಟೆ, ಒತ್ತಿದೆ. ಅವರ ಕೈಗೆ ಕೀಲಿ ಇಟ್ಟು ಗೇಟು ದಾಟಿದೆ.