ರಾಜೀನಾಮೆ ಕೊಡದವನ ಬೀಳ್ಕೊಡುಗೆ

ತನ್ನ ತಿಥಿಯೂಟವನ್ನು ತಾನೇ ಪಂಕ್ತಿಯಲ್ಲಿ ಕೂತು ಉಂಡು, ಎಲೆಯಡಿಕೆ ಹಾಕಿಕೊಂಡು ಮನೆಗೆ ಬಂದವರು ಲೋಕದಲ್ಲಿ ಎಷ್ಟು ಮಂದಿ ಇದ್ದಾರೋ ಕಾಣೆ. ನಾನಂತೂ ಒಬ್ಬ. ಗಾಬರಿಯಾಗಬೇಡಿ, ಜೀವ ಇನ್ನೂ ಇದೆ, ಹೋದದ್ದು ಮಾನ. ಕೆಲಸಕ್ಕೆ ರಾಜೀನಾಮೆಯನ್ನೇ ಕೊಡದ ನನಗೆ ನಮ್ಮ ಕಂಪನಿಯವರು ಹಾರ, ಶಾಲು, ಮೈಸೂರು ಪೇಟದ ಸಮೇತ ಬೀಳ್ಕೊಡುಗೆ ಮಾಡಿಬಿಟ್ಟರು. ಇದರಲ್ಲಿ ಅವರ ತಪ್ಪೆಷ್ಟು, ನನ್ನದೆಷ್ಟು ಎಂದು ಎಷ್ಟು ಸಲ ತೂಗಿ ನೋಡಿದರೂ ತಕ್ಕಡಿ ನನ್ನ ಕಡೆಗೇ ಬಾಗುತ್ತದೆ. ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ, ಅದಕ್ಕೇ ನಿಮ್ಮನ್ನು ಹಿಡಿದಿದ್ದೇನೆ.

ನಾನು ತಿ. ನರಸೀಪುರದವನು. ದಿನಾ ಬಸ್ಸು ಹಿಡಿದು ನಂಜನಗೂಡಿಗೆ ಹೋಗುತ್ತೇನೆ. ಅಲ್ಲಿ ರಟ್ಟಿನ ಡಬ್ಬ ಮಾಡುವ ಒಂದು ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಸ್ಟೋರ್ ಕೀಪರು. ಒಂದು ಕಿಂಡಿ, ಕಿಂಡಿಯ ಹಿಂದೆ ನಾನು. ಗ್ಲೌಸು ಬೇಕೆಂದವರಿಗೆ ‘ಹರಿದದ್ದು ತೋರಿಸಿ’ ಎನ್ನುವುದು, ಬೋಲ್ಟು ಬೇಕೆಂದವರಿಗೆ ‘ಚೀಟಿ ತನ್ನಿ’ ಎನ್ನುವುದು, ಇಷ್ಟೇ ನನ್ನ ಉದ್ಯೋಗ. ಇದನ್ನು ಬಿಟ್ಟು ಬೇರೇನಾದರೂ ಮಾಡಬೇಕೆಂದು ಹನ್ನೊಂದು ವರ್ಷದಿಂದ ಸಿದ್ಧತೆ ನಡೆಸಿದ್ದೇನೆ. ವಿಮೆ ಏಜೆಂಟನಾಗಲು ಓದಿದೆ, ಪರೀಕ್ಷೆಯ ದಿನ ಜ್ವರ ಬಂತು. ಯೋಗ ಶಿಕ್ಷಕನಾಗಲು ಹೋಗಿ ಸೊಂಟ ಹಿಡಿಸಿಕೊಂಡು ಮೂರು ವಾರ ಮಲಗಿದೆ. ಈಚಿನದು ಜೇನು ಸಾಕಣೆ. ತರಬೇತಿಗೂ ಹೋಗಿಬಂದೆ, ಪೆಟ್ಟಿಗೆಯನ್ನೂ ತಂದೆ, ಒಳಗೆ ಮೇಣ ಸವರಿ ತಾರಸಿಯ ಮೇಲಿಟ್ಟು ಕಾದೆ. ಜೇನು ಬರಲಿಲ್ಲ. ಕಟ್ಟಿರುವೆ ಬಂದವು. ನನ್ನ ಹೆಂಡತಿ ಮಂಜುಳ ಬಟ್ಟೆ ಒಣಹಾಕಲು ಹೋದವಳು ಪೆಟ್ಟಿಗೆಯೊಳಗೆ ಇಣುಕಿ ನೋಡಿ, “ಜೇನ್ಗೂ ಗೊತ್ತಾಗ್ಬುಟ್ಟದೆ ಕಣ್ರೀ, ಈ ಮನೆಯವ್ರು ಬರೀ ತಯಾರಿ ಮಾಡೋರು ಅಂತ” ಎಂದಳು.

ಅವಳ ಮಾತಿನಲ್ಲಿ ಸತ್ಯವಿತ್ತು, ಅದಕ್ಕೇ ನನಗೆ ಸಿಟ್ಟು ಬಂತು. ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದರೆ ಸಾಕು, ಊರು ತಲುಪುವುದರೊಳಗೆ ಮನಸ್ಸಿನಲ್ಲೇ ನಾನು ಇಪ್ಪತ್ತು ಜೇನುಪೆಟ್ಟಿಗೆಗಳ ಯಜಮಾನ. ಮಾರನೆಯ ದಿನ ಕಿಂಡಿಯ ಹಿಂದೆ ಕೂರಲು ಬೇಕಾದ ತ್ರಾಣವೆಲ್ಲ ಅಲ್ಲಿಂದಲೇ ಬರುತ್ತಿತ್ತು. ಅಷ್ಟಕ್ಕೇ ತೃಪ್ತನಾಗಿ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಒಂದು ದಿನ ಊಟದ ಹೊತ್ತಿನಲ್ಲಿ ಡಿಸ್ಪ್ಯಾಚ್ ವಿಭಾಗದ ನಾಗರಾಜುವಿಗೆ, “ನಾನು ಕೆಲ್ಸ ಬಿಡ್ಬೇಕು ಅಂತಿದೀನಿ ಕಣಪ್ಪ, ಯಾರಿಗೂ ಹೇಳ್ಬೇಡ” ಎಂದೆ. ‘ಯಾರಿಗೂ ಹೇಳಬೇಡ’ ಎಂದರೆ ‘ಎಲ್ಲರಿಗೂ ಹೇಳು, ನನ್ನ ಹೆಸರು ಮಾತ್ರ ಎತ್ತಬೇಡ’ ಎಂದೇ ನಮ್ಮ ಕಡೆ ಅರ್ಥ. ನಾಗರಾಜು ಹೆಸರನ್ನೂ ಎತ್ತಿದ.

ಆ ಶನಿವಾರ ನಮ್ಮ ಗೇಟಿನ ಸೆಕ್ಯುರಿಟಿ ಪುಟ್ಟಮಾದಯ್ಯನವರ ನಿವೃತ್ತಿ. ಹೆಮ್ಮರಗಾಲದವರು, ಮೂವತ್ತು ವರ್ಷ ಗೇಟು ಕಾದು ಸೈರನ್ ಒತ್ತಿದವರು. ಬೆಳಿಗ್ಗೆ ಬ್ಯಾನರ್ ಕಟ್ಟಲು ಹಗ್ಗ, ಟೇಪು ಬೇಕೆಂದು ಚೀಟಿ ಬಂತು. ನಾನೇ ಸಹಿ ಹಾಕಿ ಕೊಟ್ಟೆ. ಮಧ್ಯಾಹ್ನ ಕ್ಯಾಂಟೀನಿಗೆ ಹೋಗಿ ನೋಡುತ್ತೇನೆ, ಬ್ಯಾನರಿನಲ್ಲಿ ಪುಟ್ಟಮಾದಯ್ಯನವರ ಪಕ್ಕದಲ್ಲಿ ನನ್ನ ಪಟ! ಹತ್ತೊಂಬತ್ತು ವರ್ಷದ ಹಿಂದಿನ ಗುರುತಿನ ಚೀಟಿಯದು, ತಲೆತುಂಬ ಕೂದಲಿದೆ. “ಏನೋ ನಾಗರಾಜು ಇದು?” ಎಂದರೆ, “ನೀವು ಬುಡೋವಾಗ ಇನ್ನೊಂದ್ ಸಲ ಶಾಮಿಯಾನ ಆಕೋರ್ ಯಾರು ಸಾ? ಒಂದೇ ಅಡುಗೇಲಿ ಜೊತೇಲೇ ಮುಗಿಸ್ಬುಡುಮ ಅಂತ” ಎಂದು ಹಲ್ಲು ಬಿಟ್ಟ. ಅಷ್ಟರಲ್ಲಿ ಯಾರೋ ನನ್ನ ತಲೆಗೆ ಪೇಟ ಇಟ್ಟಾಗಿತ್ತು.

ಭಾಷಣ ಶುರುವಾಯಿತು. ಪುಟ್ಟಮಾದಯ್ಯನವರ ಬಗ್ಗೆ ಮಾತಾಡದವರಿಲ್ಲ. ಮಿಷನ್ನಿಗೆ ಕೈ ಸಿಕ್ಕಿಸಿಕೊಂಡವನನ್ನು ಹೊತ್ತುಕೊಂಡು ಓಡಿದ್ದು, ಬಸ್ಸು ತಪ್ಪಿದ ಹೆಣ್ಣುಮಕ್ಕಳ ಜೊತೆ ಗೇಟಿನಲ್ಲಿ ಕಾದು ನಿಂತದ್ದು, ಒಂದೇ ಎರಡೇ! ಪ್ಯಾಕಿಂಗ್ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಸರದಿ. ಮ್ಯಾನೇಜರು ಗಂಟಲು ಸರಿಮಾಡಿಕೊಂಡು, “ಇವರು... ಸರಿಯಾದ ಸಮಯಕ್ಕೆ ಬರುತ್ತಿದ್ದರು” ಎಂದು ನಿಲ್ಲಿಸಿದರು. ಬಹಳ ಹೊತ್ತು ಯೋಚಿಸಿ, “ಸರಿಯಾದ ಸಮಯಕ್ಕೆ ಹೋಗುತ್ತಲೂ ಇದ್ದರು” ಎಂದರು. ನಾಗರಾಜು ಎದ್ದು ನಿಂತು, “ಅವ್ರಿದ್ರೂ ಒಂದೇ, ಇಲ್ದಿದ್ರೂ ಒಂದೇ, ಅಂಥಾ ನಿಗರ್ವಿ” ಎಂದ. ಜನ ಚಪ್ಪಾಳೆ ತಟ್ಟಿದರು. ನನಗೆ ನಿಜವಾಗಿಯೂ ಅಳು ಬಂತು. ಹತ್ತೊಂಬತ್ತು ವರ್ಷ ಒಂದೇ ಕಿಂಡಿಯಿಂದ ಮುಖ ತೋರಿಸಿದ್ದಕ್ಕೆ ಇಷ್ಟೇನಾ ಎನಿಸಿತು. ‘ಹೋಗಬೇಡಿ’ ಎಂದು ಒಂದು ನರಪಿಳ್ಳೆಯೂ ಬಾಯಿಮಾತಿಗಾದರೂ ಅನ್ನಲಿಲ್ಲ.

‘ನಾನು ರಾಜೀನಾಮೆ ಕೊಟ್ಟಿಲ್ಲ’ ಎಂದು ಹೇಳಲೆಂದೇ ಮೈಕಿನ ಮುಂದೆ ನಿಂತೆ, ದೇವರಾಣೆ. ಆದರೆ ಜೀವಮಾನದಲ್ಲಿ ಮೊದಲ ಸಲ ಹಾರ ಬಿದ್ದ ಕುತ್ತಿಗೆ, ಎದುರಿಗೆ ನೂರು ಜನ, ಕೈಯಲ್ಲಿ ಮೈಕು. ಈ ದರಿದ್ರ ಬಾಯಿ, “ಭಾರವಾದ ಹೃದಯದಿಂದ ನಿಮ್ಮನ್ನೆಲ್ಲ ಬಿಟ್ಟು ಹೋಗುತ್ತಿದ್ದೇನೆ” ಎಂದುಬಿಟ್ಟಿತು. ಅಷ್ಟಕ್ಕೇ ನಿಲ್ಲದೆ ‘ಸ್ವಂತ ಕಾಲಿನ ಮೇಲೆ ನಿಲ್ಲುವ ಧೈರ್ಯ’ ಎಂದೆಲ್ಲ ಹತ್ತು ನಿಮಿಷ ಕೊರೆಯಿತು.

ಮನೆಯಲ್ಲಿ ಪೇಟವನ್ನು ನೋಡಿದ ಮಂಜುಳ ನಕ್ಕಳು. ಕಥೆ ಕೇಳಿದ ಮೇಲೆ ನಗು ನಿಂತಿತು. “ಮಗಳು ಈಗಿನ್ನೂ ಕಾಲೇಜು ಸೇರವ್ಳೆ. ಮನೆ ನಡೆಯೋದು ಇದೊಂದ್ ಸಂಬಳದಲ್ಲಿ. ಇರುವೆ ಸಾಕ್ಕೊಂಡು ಬದುಕೋಕಾಯ್ತದಾ? ಸೋಮವಾರ ಓಗಿ ಕೈ ಮುಗೀರಿ. ನಾಚ್ಕೆ ಆದ್ರೆ ನಾಕ್ ದಿನ, ಅಸಿವು ದಿನಾ ಇರ್ತದೆ” ಎಂದಳು.

ಸೋಮವಾರ ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಗೇಟಿನಲ್ಲಿ ಹೊಸ ಸೆಕ್ಯುರಿಟಿಯವನು ತಡೆದು, ಹೊರಗಿನಿಂದ ಬಂದವರ ಪುಸ್ತಕದಲ್ಲಿ ನನ್ನ ಹೆಸರು ಬರೆಸಿಕೊಂಡ. ಮ್ಯಾನೇಜರು, “ಏನ್ರೀ, ಏನಾದ್ರೂ ಮರೆತು ಹೋದ್ರಾ?” ಎಂದರು. “ಸರ್, ನಾನು ರಾಜೀನಾಮೆ ಕಾಗದವನ್ನೇ ಕೊಟ್ಟಿಲ್ಲ, ಕೆಲಸ ಬೇಕು ಸರ್” ಎಂದೆ. ಅವರು ಫೈಲು ತೆಗೆಸಿ ನೋಡಿದರು. “ಹೌದಲ್ರೀ! ಸರಿ, ಹೋಗಿ ಕೂತ್ಕೊಳ್ಳಿ.” ಅಷ್ಟು ಸಲೀಸಾಗಿ ಮುಗಿಯಿತು. ಕಾಲಿಗೆ ಬೀಳಲೂ ಸಿದ್ಧನಾಗಿ ಹೋಗಿದ್ದವನಿಗೆ ಸಮಾಧಾನಕ್ಕಿಂತ ಅವಮಾನವೇ ಹೆಚ್ಚಾಯಿತು. ಬಾಗಿಲು ದಾಟುವಾಗ ಹಿಂದಿನಿಂದ, “ಮುಂದೆ ನಿಜವಾಗ್ಲೂ ಬಿಡೋವಾಗ ಸುಮ್ನೆ ಹೋಗಿಬಿಡಿ, ನಿಮ್ದು ಆಗೋಗಿದೆ” ಎಂದರು.

ಹೀಗೆ ಪುನಃ ಕಿಂಡಿಯ ಹಿಂದೆ ಕೂತ ನಾಲ್ಕನೆಯ ದಿನ, ಊಟದ ಬಿಡುವಿನಲ್ಲಿ ಪುಟ್ಟಮಾದಯ್ಯನವರ ಫೋನು ಬಂತು. ನಾನೂ ಮನೆಯಲ್ಲಿದ್ದೇನೆಂದೇ ಅವರು ತಿಳಿದಿದ್ದರು. “ಒತ್ತೇ ಓಯ್ತಿಲ್ಲ ಕಣ್ ಸಾ. ನಿಮ್ಗೆಂಗೆ?” ಎಂದರು. ನನಗೂ ಕಷ್ಟವೇ ಎಂದೆ. ಅದೊಂದು ಮಾತಾದರೂ ಸುಳ್ಳಲ್ಲ. ಮಾರನೆಯ ದಿನವೂ ಅದೇ ಹೊತ್ತಿಗೆ ಮಾಡಿದರು, ಅದರ ಮಾರನೆಯ ದಿನವೂ. “ನಿಮ್ ಭಾಷಣ ಕೇಳಿ ನಂಗೆ ಮೈ ಜುಮ್ ಅಂತು ಸಾ. ನಾನು ವಯ್ಸಾಯ್ತು ಅಂತ ಕಳಿಸ್ದಾಗ ಬಂದೋನು. ನೀವು ಕಸು ಇರುವಾಗ್ಲೇ ಬುಟ್ಟು ಬಂದ್ರಿ. ಗಂಡಸು ಅಂದ್ರೆ ನೀವು” ಎಂದರು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆದರೂ, “ಒಂದ್ಸಲ ಮನಸ್ಸು ಗಟ್ಟಿ ಮಾಡಿದ್ರೆ ಆಯ್ತು ಪುಟ್ಟಮಾದಯ್ಯ” ಎಂದು ತಗ್ಗಿದ ದನಿಯಲ್ಲಿ ಉಪದೇಶ ಮಾಡುತ್ತಿದ್ದೆ. ಅಷ್ಟರಲ್ಲಿ ತಲೆಯ ಮೇಲೆಯೇ ಊಟದ ಬಿಡುವು ಮುಗಿದ ಸೈರನ್ ಕೂಗಿತು.

ಮೂವತ್ತು ವರ್ಷ ತಮ್ಮ ಕೈಯಾರೆ ಒತ್ತಿದ ಸೈರನ್ನು ಅವರಿಗೆ ತಿಳಿಯದೇ ಇರುತ್ತದೆಯೇ? ಅದು ಪೂರ್ತಿ ಕೂಗಿ ಮುಗಿಯಿತು. ಆಮೇಲೆ ಅವರು ಬಹಳ ಮೆತ್ತಗೆ, “ಎರಡಾಯ್ತು ಕಣ್ ಸಾ. ಕೆಲ್ಸ ನೋಡ್ಕಳಿ” ಎಂದು ಫೋನಿಟ್ಟರು.

ಆ ದಿನದಿಂದ ಅವರ ಫೋನಿಲ್ಲ. ನಾನೇ ಮಾಡಿ ಎಲ್ಲವನ್ನೂ ಹೇಳಿ ತಪ್ಪೊಪ್ಪಿಕೊಳ್ಳಬೇಕೆಂದಿದ್ದೇನೆ. ಸದ್ಯಕ್ಕೆ ಅದರ ಸಿದ್ಧತೆ ನಡೆದಿದೆ.