ಪ್ಲೇಟಿನ ಕೊನೆಯ ನುಡಿ

ಸನಮಡಿ ಡೊಳ್ಳಿನ ಮೇಳದ ಮೊದಲ ಗ್ರಾಮಫೋನ್ ಪ್ಲೇಟು ಮುಂಬಯಿಯಿಂದ ಬಂತೆಂದು ತಿಳಿದದ್ದೇ ತಡ, ಅಮೋಗಸಿದ್ದ ರುಮಾಲೂ ಸುತ್ತದೆ ಸೊರಡಿಯ ಅತ್ತೆಮನೆಗೆ ಓಡಿದ. ಡೊಳ್ಳು ಹೊತ್ತು ಊರೂರು ಅಲೆಯುವವನ ಜೊತೆ ಬಾಳಲಾರೆನೆಂದು ಹೆಂಡತಿ ಬೀರವ್ವ ತವರು ಸೇರಿ ಎರಡು ತಿಂಗಳಾಗಿತ್ತು. ಪ್ಲೇಟಿನಲ್ಲಿ ಅಳಿಯನ ಹೆಸರು ಕೇಳಿದ ದಿನವೇ ಮಗಳನ್ನು ಕಳಿಸುವೆನೆಂದು ಅತ್ತೆ ದುಂಡವ್ವ ಮಾತು ಕೊಟ್ಟಿದ್ದಳು.

"ಲಗೂನ ಬರ್ರಿ ಅತ್ತಿ. ಹಾಡು ಕಟ್ಟಿದವ ನಾನು. ನನ್ನ ಹೆಸರು ಎಲ್ಲಿ ಹೋಗ್ತೈತಿ?"

ಅವ್ವ ಮಗಳಿಬ್ಬರೂ ಅವನ ಹಿಂದೆ ಸನಮಡಿಗೆ ಬಂದರು. ಅಲ್ಲಿ ಇದ್ದುದೊಂದೇ ಗ್ರಾಮಫೋನು, ಅಂಗಡಿಯ ಶಿವಯೋಗೆಪ್ಪನದು. ಕರೆಯದೆ ಬಂದವರಿಂದಲೇ ಅಂಗಡಿಕಟ್ಟೆ ತುಂಬಿತ್ತು. ಶಿವಯೋಗೆಪ್ಪ ಪೂಜೆಗೆ ಕೂತವನ ಗಾಂಭೀರ್ಯದಿಂದ ಚಾವಿ ತಿರುವಿ ಮುಳ್ಳು ಇಟ್ಟ.

ಗಣಪತಿ ಬಂದ. ಸರಸ್ವತಿ ಬಂದಳು. ಬೀರದೇವರು ಬಂದ. ಗುರುವಿನ ಗುರುವೂ ಬಂದ. ಅಷ್ಟರಲ್ಲಿ ಆ ಮಗ್ಗುಲು ಮುಗಿದು ಮುಳ್ಳು ಕರ್ ಎಂದಿತು.

"ಹಾಡು ಎಲ್ಲೈತ್ರಿ?" ಎಂದಳು ದುಂಡವ್ವ.

"ಇದು ಸ್ತುತಿ ಅತ್ತಿ. ದೇವ್ರನ್ನ ನೆನೀಲಾರ್ದ ಹಾಡಾಕ ಬರ್ತೈತೇನು? ಮಗ್ಗಲ ತಿರುವ್ರಿ ಸಾವ್ಕಾರ್ರ."

ಎರಡನೆಯ ಮಗ್ಗುಲಲ್ಲಿ ಕತೆ ಶುರುವಾಯಿತು. ಹಾಡು ಕಟ್ಟಿದವನ ಹೆಸರು ಕೊನೆಯ ನುಡಿಯಲ್ಲಿ ಬರುವುದು ಡೊಳ್ಳಿನ ಹಾಡಿನ ಪದ್ಧತಿ. "ಸನಮಡಿ ಊರಾಗ ಕವಿ ಮಾಡ್ಯಾನ..." ಎಂಬಷ್ಟಕ್ಕೆ ಮತ್ತೆ ಕರ್!

ಹೆಸರು ಬರುವ ಮೊದಲೇ ಪ್ಲೇಟು ಮುಗಿದಿತ್ತು. ಡೊಳ್ಳು ಬಾರಿಸಿದ್ದ ವಿಠೋಬ ತಲೆ ಕೆರೆದುಕೊಂಡ. "ಮುಂಬೈದಾಗ ಪ್ಲೇಟು ಮಾಡೂ ಸಾಹೇಬ ಗಾಜಿನ ಆಚಿ ನಿಂತು ಕೈ ಬೀಸಿದ್ನಲ್ಲ, ಸಾಕು ಅಂದಿದ್ನೇನೋ. ನಾವು ಖುಷಿ ಆಗ್ಯಾನಂತ ಇನ್ನಾ ಜೋರು ಬಡದ್ವಿ."

ಅಮೋಗಸಿದ್ದ ಕಟ್ಟೆ ಹತ್ತಿ ಕಿವಿಗೆ ಕೈ ಹಚ್ಚಿ, ಉಳಿದ ನುಡಿಯನ್ನು ತನ್ನ ಹೆಸರಿನ ಸಮೇತ ಮೂರು ಸಲ ಹಾಡಿದ.

"ಇದು ಬಾಯಾಗಿಂದಾತು. ಪ್ಲೇಟಿನಾಗಿಂದಲ್ಲ," ಎಂದು ದುಂಡವ್ವ ಸೆರಗು ಕೊಡವಿ ಎದ್ದಳು.

ಆಗ ಬಾಲಗಾಂವದ ರೇವಪ್ಪ ಬೆವರೊರೆಸುತ್ತ ಬಂದ. "ಮಗಳ ಮದವಿ ಐತ್ರಿ. ನಿಮ್ಮ ಹಾಡು ಬೇಕಾಗೇತಿ."

ಅಮೋಗಸಿದ್ದ ಕಟ್ಟೆಯ ಮೇಲಿದ್ದ ಡೊಳ್ಳು ಎತ್ತಿಕೊಂಡ.

"ನೀ ಬ್ಯಾಡೋ ತಮ್ಮಾ, ಪ್ಲೇಟು ಸಾಕು. ಅದು ಹಾಸಿಗಿ ಕೇಳಂಗಿಲ್ಲ, ಹೋಳಿಗಿ ಕೇಳಂಗಿಲ್ಲ."

ಅವ್ವನ ಹಿಂದೆ ಕೂತಿದ್ದ ಬೀರವ್ವ ಕಿಲಕಿಲ ನಕ್ಕಳು. "ಅವ್ವಾ, ಹೆಸರು ಬರಲಿ ಬಿಡಲಿ, ನಾ ಇಲ್ಲೇ ಗಂಡನ ಮನ್ಯಾಗ ಉಳಿತೀನಿ."

ಅಮೋಗಸಿದ್ದ ಹಿಗ್ಗಿ ಹೀರೇಕಾಯಿಯಾದ. "ಖರೇನ? ನನ್ನ ಹಾಡು ಅಷ್ಟು ಚಲೋ ಅನಿಸ್ತೇನು?"

"ಭಾಳ ಚಲೋ ಐತ್ರಿ. ಇನ್ನ ಊರೂರು ಆ ಪ್ಲೇಟ ತಿರಗ್ಲಿ," ಎಂದು ಬೀರವ್ವ ಅವನ ಕೈಯ ಡೊಳ್ಳು ಇಸಿದುಕೊಂಡು ಕಟ್ಟೆಗೆ ಒರಗಿಸಿದ್ದ ಕುರಿ ಕಾಯುವ ಕೋಲು ಕೊಟ್ಟಳು. "ನೀವು ಕುರಿ ಹೊಡೀರಿ."

ಪ್ಲೇಟು ರೇವಪ್ಪನ ಬಗಲಲ್ಲಿ ಬಾಲಗಾಂವದ ಮದುವೆಗೆ ಹೊರಟಿತು. ಹಾಡು ಕಟ್ಟಿದವನು ಕುರಿಗಳ ಹಿಂದೆ ಹೊರಟ.