ಪೂಜೆ ಮಾಡಿಸಿಕೊಂಡ ಸುಳ್ಳು ವೈಫೈ ಡಬ್ಬಿಗೆ

ನೀರಿನ ಫಿಲ್ಟರಿನ ಹಿಂದೆ ಬಹಳ ದಿನ ಬಿಡಾರ ಹೂಡಿದ್ದ ಕರಿ ಡಬ್ಬಿಯವರ ಸನ್ನಿಧಾನಕ್ಕೆ, ಜೇವರ್ಗಿಯ ಗಂಗುಬಾಯಿ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಶಿವಕಾಂತಾ ಸಲ್ಲಿಸುವ ನಮಸ್ಕಾರಗಳು.

ಮಾನ್ಯರೇ,

ಮೊದಲಿಗೆ ನನ್ನ ಅಕ್ಷರಕ್ಕೆ ಕ್ಷಮೆ ಇರಲಿ. ಓದಿದ್ದು ಐದನೆಯ ತರಗತಿ. ಕೈಗೆ ಹಿಟ್ಟು ಹತ್ತಿರುವುದರಿಂದ ಸಾಲು ನೆಟ್ಟಗೆ ಬರುತ್ತಿಲ್ಲ, ಒತ್ತಕ್ಷರಗಳು ತಮಗೆ ತೋಚಿದಲ್ಲಿ ಕೂರುತ್ತಿವೆ. ಎದುರು ನಿಂತು ಹೇಳೋಣವೆಂದರೆ, ಪಲ್ಯ ಮುಗಿಯಿತೆಂದು ಗಿರಾಕಿಗೆ ಹೇಳಲೂ ನಾಚುವವಳು ನಾನು. ಆದ್ದರಿಂದ ಈ ಪತ್ರವನ್ನು ಖಾನಾವಳಿಯ ಬಾಗಿಲಿಗೆ ಅಂಟಿಸುತ್ತೇನೆ. ಊಟಕ್ಕೆ ಬಂದವರೂ ಓದಲಿ.

ನಮ್ಮ ಖಾನಾವಳಿಯ ಫೋನು ನನ್ನ ವಶದಲ್ಲಿತ್ತು. ಕಚೇರಿಗಳವರೂ ಅಡತಿ ಅಂಗಡಿಗಳವರೂ ಮಧ್ಯಾಹ್ನಕ್ಕೆ ಎಷ್ಟು ರೊಟ್ಟಿ ಬೇಕೆಂದು ಬೆಳಿಗ್ಗೆಯೇ ವಾಟ್ಸಾಪಿನಲ್ಲಿ ತಿಳಿಸುತ್ತಾರೆ. ನಾನು ಓದಿ ಹೇಳಿದ ಮೇಲೆಯೇ ಗಂಗುಬಾಯಿಯವರು ಹಿಟ್ಟು ನಾದುತ್ತಾರೆ. ಅವರಿಗೆ ಓದು ಬಾರದು ಎಂಬ ಒಂದೇ ಕಾರಣಕ್ಕೆ ದೊರೆತ ಈ ಅಧಿಕಾರದಿಂದ ನಾನು ಎಷ್ಟು ಬೀಗಿದ್ದೆನೆಂದರೆ, ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಹಶೀಲ್ದಾರರಂತೆ ನಡೆಯುತ್ತಿದ್ದೆ, ಯಾರಾದರೂ ನೋಡಿದರೆ ಮಾತ್ರ ತಲೆ ತಗ್ಗಿಸುತ್ತಿದ್ದೆ.

ತಮ್ಮ ಆಗಮನ ನನಗೆ ನೆನಪಿದೆ. ಹೊಸ ಗಿರಾಕಿಯೊಬ್ಬರು ಊಟ ಮಾಡಿ, ಚಾರ್ಜಿಂಗಿಗೆ ಜಾಗ ಕೇಳಿದರು. ಫಿಲ್ಟರಿನ ಹಿಂದಿನ ಪ್ಲಗ್ಗನ್ನು ನಾನೇ ತೋರಿಸಿದೆ, ಧೂಳಿದೆಯೆಂದು ಸೆರಗಿನಿಂದ ಒರೆಸಿಯೂ ಕೊಟ್ಟೆ. ಅವರು ಹೋದರು, ತಾವು ಉಳಿದಿರಿ. ವೈಫೈ ಕಂಪನಿಯವರು ಎರಡನೆಯ ಡಬ್ಬಿ ಕೂರಿಸಿದ್ದಾರೆಂದು ನಾನು ತಿಳಿದೆ. ಆಯುಧ ಪೂಜೆ ಬಂದಾಗ ಮಿಕ್ಸರಿಗೆ, ತಕ್ಕಡಿಗೆ, ನಮ್ಮ ಹಳೆಯ ಬಿಳಿ ಡಬ್ಬಿಗೆ ಕುಂಕುಮ ಹಚ್ಚಿದವಳು ತಮ್ಮನ್ನು ಬಿಡಲಾದೀತೇ? ತಮ್ಮಲ್ಲಿ ದೀಪಗಳು ಹೆಚ್ಚಿದ್ದುದರಿಂದ ಕುಂಕುಮವನ್ನೂ ತುಸು ಹೆಚ್ಚೇ ಹಚ್ಚಿ, ಚೆಂಡು ಹೂ ಏರಿಸಿ, ಊದಿನಕಡ್ಡಿ ಬೆಳಗಿದೆ.

ಮರುದಿನ ಫೋನಿನಲ್ಲಿ ‘ಗಂಗುಬಾಯಿ ಖಾನಾವಳಿ’ ಎಂಬ ಹೆಸರಿನ ವೈಫೈ ಎರಡು ಕಂಡವು, ಒಂದಕ್ಕೆ ಬೀಗದ ಗುರುತಿತ್ತು, ಇನ್ನೊಂದಕ್ಕೆ ಇರಲಿಲ್ಲ. ಎರಡನೆಯ ರೊಟ್ಟಿ ಕೇಳಿದವರಿಗೆ ಇಲ್ಲವೆನ್ನದ ಖಾನಾವಳಿ ನಮ್ಮದು; ವೈಫೈ ಪಾಸ್‌ವರ್ಡನ್ನೂ ಶೇಂಗಾ ಹಿಂಡಿಯ ಜೊತೆಗೇ ಕೂಗಿ ಬಡಿಸುತ್ತಿದ್ದೆವು. ಗಂಗುಬಾಯಿಯವರು ಬೀಗವನ್ನೇ ತೆಗೆಸಿದ್ದಾರೆಂದು ಮೆಚ್ಚಿಕೊಂಡು ನಾನು ಬೀಗವಿಲ್ಲದ್ದನ್ನು ಒತ್ತಿದೆ.

ಆಗ ತಾವು ತೋರಿದ ಸೌಜನ್ಯವನ್ನು ಹೇಗೆ ಮರೆಯಲಿ? “ದಯವಿಟ್ಟು ತಮ್ಮ ಮೊಬೈಲ್ ಸಂಖ್ಯೆ ತಿಳಿಸಿ” ಎಂದಿರಿ. “ತಮಗೆ ಬಂದ ಆರು ಅಂಕಿಗಳನ್ನು ಇಲ್ಲಿ ಬರೆಯಲು ವಿನಂತಿ” ಎಂದಿರಿ. ಹುಟ್ಟಿದಾಗಿನಿಂದ ಯಾವ ಕಚೇರಿಯೂ ನನ್ನನ್ನು ‘ತಾವು’ ಎಂದಿರಲಿಲ್ಲ. ಇಷ್ಟು ಮರ್ಯಾದೆಯಿಂದ ಕೇಳುವವರನ್ನು ಕಾಯಿಸಬಾರದೆಂದು ಒಲೆಯ ಮೇಲಿನ ರೊಟ್ಟಿ ಸೀಯುವುದನ್ನೂ ಲೆಕ್ಕಿಸದೆ ಆರೂ ಅಂಕಿಗಳನ್ನು ಬರೆದೆ.

ಅವು ವಾಟ್ಸಾಪಿನ ಬೀಗದ ಕೈ ಎಂದು ಆಮೇಲೆ ತಿಳಿಯಿತು. ವಾಟ್ಸಾಪು ನನ್ನ ಕೈಬಿಟ್ಟಿತು. ಬಹುಮಾನ ಬಂದಿದೆ, ಇಲ್ಲಿ ಒತ್ತಿ ಎಂದು ಖಾನಾವಳಿಯ ಹೆಸರಿನಲ್ಲಿ ಎಲ್ಲ ಗಿರಾಕಿಗಳಿಗೂ ಸಂದೇಶ ಹೋಯಿತು. ಒತ್ತಿದವರು ಪರದಾಡಿದರು, ಒತ್ತದವರು ನಮ್ಮ ನಂಬರನ್ನೇ ಬ್ಲಾಕ್ ಮಾಡಿದರು. ರೊಟ್ಟಿ ಕೇಳುವ ಸಂದೇಶಗಳು ನಿಂತವು. ಅಂದಾಜಿನ ಮೇಲೆ ಬಡಿದ ರೊಟ್ಟಿಗಳು ಬುಟ್ಟಿಯಲ್ಲೇ ಒಣಗಿ ಕಟಕಾದವು. ಗಂಗುಬಾಯಿಯವರು ಬೈಯಲಿಲ್ಲ, ಸುಮ್ಮನೆ ಫೋನು ಇಸಿದುಕೊಂಡು ಮಡಿಲಲ್ಲಿಟ್ಟುಕೊಂಡರು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ.

ಕೊನೆಗೆ ತಮ್ಮನ್ನು ಹಿಡಿದವರು, ಕಚೇರಿಗಳ ವೈಫೈ ಪರೀಕ್ಷಿಸಲು ಕಲಬುರಗಿಯಿಂದ ಬಂದಾಗಲೆಲ್ಲ ನಮ್ಮಲ್ಲಿ ಉಣ್ಣುವ ಪಂಚಶೀಲಾ ಅಕ್ಕ. ನಮ್ಮ ಗೋಳು ಕೇಳಿ ತಾಟಿನ ಪಕ್ಕದಲ್ಲೇ ಲ್ಯಾಪ್‌ಟಾಪ್ ತೆರೆದರು.

“ಗಂಗವ್ವಾ, ನಿಮ್ಮ ಹೆಸರಿಲೆ ಎರಡು ವೈಫೈ ಅದಾವ. ಒಂದು ನಿಮ್ದಲ್ಲ.”

ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದಂತೆ, ಆದರೆ ಪ್ರತಿ ಡಬ್ಬಿಗೂ ಒಳಗೊಂದು ಬೇರೆ ನಂಬರು ಇರುತ್ತದಂತೆ. ಅವರು ಲ್ಯಾಪ್‌ಟಾಪ್ ಹಿಡಿದು ನಡೆದರು. ತಮ್ಮ ಸಿಗ್ನಲ್ಲು ಬಾಗಿಲ ಬಳಿ ಸಣ್ಣಗಿತ್ತು, ಒಲೆಯ ಬಳಿ ಏರಿತು, ಫಿಲ್ಟರಿನ ಬಳಿ ತುಂಬಿ ತುಳುಕಿತು. ಅಕ್ಕ ಕೈ ಹಾಕಿ, ಬಾಡಿದ ಹೂವಿನ ಸಮೇತ ತಮ್ಮನ್ನು ಹೊರಗೆಳೆದು ಕೇಳಿದರು: “ಇದಕ್ಕ ಪೂಜಾ ಮಾಡಿದವರು ಯಾರ್ರಿ?”

ಎಲ್ಲರೂ ನನ್ನನ್ನು ನೋಡಿದರು. ನಾನು ರೊಟ್ಟಿಯನ್ನು ನೋಡಿದೆ. ದಿನದ ಗಿರಾಕಿ ಬೀರಲಿಂಗಪ್ಪ ಮಾವ ಮಾತ್ರ ಕೈ ತೊಳೆಯುತ್ತ, “ಕಳ್ಳಗ ಊದಿನಕಡ್ಡಿ ಬೆಳಗೀದಿ, ಮತ್ತ ಅವ ಹೆಂಗ ಎದ್ದು ಹೋಗ್ಬೇಕಬೇ?” ಎಂದರು.

ಅಕ್ಕ ಗಿರಾಕಿಗಳಿಗೊಂದು, ಖಾನಾವಳಿಗೊಂದು ಎಂದು ವೈಫೈಯನ್ನು ಬೇರೆ ಬೇರೆ ಮಾಡಿ, ಖಾನಾವಳಿಯದರ ಹೊಸ ಪಾಸ್‌ವರ್ಡನ್ನು ನನ್ನಿಂದಲೇ ಒತ್ತಿಸಿದರು. ಫೋನಿನಲ್ಲಿ ಯಾವ ಪುಟ ತೆರೆದು ಕೇಳಿದರೂ ಆರಂಕಿ ಕೊಡಬಾರದೆಂದರು. “ಪಾಸ್‌ವರ್ಡ್ ಬಾಯಿಲೆ ಯಾರಿಗೂ ಹೇಳಬ್ಯಾಡ. ಗಂಗವ್ವ ಕೇಳಿದ್ರೂ ಅಷ್ಟ,” ಎಂದರು. ಒಂದು ವಾರ ಕಾದ ಮೇಲೆ ವಾಟ್ಸಾಪು ಮರಳಿತು. ಫೋನು ಮಾತ್ರ ಗಂಗುಬಾಯಿಯವರ ಮಡಿಲಲ್ಲೇ ಉಳಿಯಿತು, ಸಂದೇಶಗಳನ್ನು ಬಂದ ಗಿರಾಕಿಗಳಿಂದ ಓದಿಸುತ್ತಿದ್ದರು.

ಇನ್ನು ನನ್ನ ವಿನಂತಿಗಳು. ಮುಂದೆ ಎಲ್ಲಿಗೆ ಹೋದರೂ ‘ನಾನು ಸುಳ್ಳು’ ಎಂಬ ಹಲಗೆಯನ್ನು ಕೊರಳಿಗೆ ಕಟ್ಟಿಕೊಳ್ಳಬೇಕು. ‘ದಯವಿಟ್ಟು’ ಎಂಬುದನ್ನು ನಿಜವಾದ ಕಚೇರಿಗಳಿಗೆ ಬಿಟ್ಟುಕೊಡಬೇಕು, ಅವರಲ್ಲಿ ಅದರ ಕೊರತೆ ಬಹಳ ಇದೆ. ಒಣಗಿದ ರೊಟ್ಟಿಗಳನ್ನು ತಾವೇ ಬಂದು ಉಂಡು ಹೋಗಬೇಕು.

ಇಂದು ಬೆಳಿಗ್ಗೆ ಗಿರಾಕಿಗಳು ತುಂಬಿದ್ದಾಗ ಫೋನಿಗೆ ವೈಫೈ ಹತ್ತಲಿಲ್ಲ, ಗಂಗುಬಾಯಿಯವರು ಹಿಟ್ಟು ನಾದುತ್ತಲೇ ಕೂಗಿದರು: “ಶಿವಕಾಂತಾ, ಹೊಸಾ ಪಾಸ್‌ವರ್ಡ್ ಏನಬೇ?”

ನನ್ನ ಕೈಯಲ್ಲಿದ್ದ ರೊಟ್ಟಿ ಹರಿಯಿತು. ಹರಿದದ್ದನ್ನು ಮತ್ತೆ ಉಂಡೆ ಮಾಡುತ್ತ ಹೇಳಿದೆ: “ಹೇಳಂಗಿಲ್ರಿ ಅವ್ವಾ. ಫೋನ್ ಕೊಡ್ರಿ, ನಾನ ಒತ್ತತೇನಿ.”

ಉಣ್ಣುವವರು ಉಣ್ಣುವುದನ್ನು ನಿಲ್ಲಿಸಿದರು. ಗಂಗುಬಾಯಿಯವರು ಮಡಿಲಿನಿಂದ ಫೋನು ತೆಗೆದು, ಹಿಟ್ಟಿನ ಕೈಯಿಂದಲೇ ನನ್ನ ಸೊಂಟಕ್ಕೆ ಸಿಕ್ಕಿಸಿ, “ಹಂಗಾರ ಇದು ನಿನ್ನ ಕಡೇನ ಇರ್ಲಿ,” ಎಂದು ಹೋಗಿ ಮತ್ತೆ ಹಿಟ್ಟು ನಾದತೊಡಗಿದರು.

ತಮ್ಮಿಂದ ‘ತಾವು’ ಎನಿಸಿಕೊಂಡ, ತಮ್ಮ ವಿಶ್ವಾಸಿ,
ಶಿವಕಾಂತಾ

ತಾ.ಕ.: ತಮ್ಮ ಹಣೆಯ ಕುಂಕುಮವನ್ನು ಇಂದು ಬೆಳಿಗ್ಗೆ ಒಲೆ ಒರೆಸುವ ಬಟ್ಟೆಯಿಂದ ಒರೆಸಿದ್ದೇನೆ. ಪ್ಲಗ್ಗು ಕಿತ್ತಾಗಿದೆ, ಇನ್ನು ತಾವು ಎಷ್ಟೇ ಮರ್ಯಾದೆಯಿಂದ ಕೇಳಿದರೂ ಕರೆಂಟು ಸಿಗುವುದಿಲ್ಲ.